ಪಂಜರದ ಬೆಸುಗೆ

ಕಾರು ಮಗುಚಿದ್ದನ್ನು ನಾನು ಕಣ್ಣಾರೆ ಕಂಡೆ. ಬೀಳಗಿಯ ಹತ್ತಿರ ಪರಿಚಯದವರ ಹೊಲ. ಕಬ್ಬು ಕಡಿದು ಸಾಗಿಸಿ ಆಗಿತ್ತು, ಓಟದ ಕಾರನ್ನು ಓಡಿಸಿ ನೋಡಲು ಅಲ್ಲಿಗೆ ತಂದಿದ್ದೆವು. ಮೂರನೆಯ ಸುತ್ತಿನಲ್ಲಿ ತಮ್ಮ ಎಡಕ್ಕೆ ತಿರುಗಿಸಿದ. ಬಲಗಡೆಯ ಗಾಲಿಗಳು ಮೆತ್ತನೆಯ ಮಣ್ಣಿನಲ್ಲಿ ಹೂತವು. ಕಾರು ಹಾರಲಿಲ್ಲ, ಎಗರಲಿಲ್ಲ. ದಣಿದ ಎಮ್ಮೆಯ ಹಾಗೆ ನಿಧಾನವಾಗಿ ಬಲಮಗ್ಗುಲಾಗಿ, ಆಮೇಲೆ ನೆತ್ತಿಯ ಮೇಲೆ ನಿಂತಿತು. ತಮ್ಮ ಬೆಲ್ಟಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ. ಎಳೆದು ಹೊರಗೆ ತಂದೆವು. ಭುಜ ಕೆಂಪಾಗಿತ್ತು, ಅಷ್ಟೆ. ಅವನು ನಕ್ಕ. ನಾನು ಕಾರಿನೊಳಗೆ ನೋಡುತ್ತಿದ್ದೆ. ಅವನ ತಲೆಯ ಮೇಲೆ ಎರಡು ಪೈಪುಗಳು ಕೂಡುವ ಮೂಲೆ ನನ್ನ ಹೆಬ್ಬೆರಳು ತೂರುವಷ್ಟು ಬಾಯಿಬಿಟ್ಟಿತ್ತು.

ಆ ಕಾರು ಸಿದ್ಧವಾದದ್ದು ಬನಹಟ್ಟಿಯ ನಮ್ಮ ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ. ಉಳಿದಿದ್ದ ಎರಡು ಮಗ್ಗಗಳನ್ನು ಗೋಡೆಗೆ ಸರಿಸಿ ಅದಕ್ಕೆ ಜಾಗ ಮಾಡಿದ್ದೆವು. ತಮ್ಮ ಬಾಡಗಂಡಿಯ ಕಡೆ ಫಿಟ್ಟರ್ ಕೆಲಸದಲ್ಲಿದ್ದಾನೆ. ಶನಿವಾರ ಸಂಜೆ ಊರಿಗೆ ಬಂದರೆ ಭಾನುವಾರವೆಲ್ಲ ಶೆಡ್ಡಿನಲ್ಲೇ. ಮುಧೋಳದಲ್ಲಿ ಹವ್ಯಾಸಿಗಳ ಮಣ್ಣಿನ ಓಟವಿದೆ ಎಂದು ಗೊತ್ತಾದ ಮೇಲೆ ಗುಜರಿಗೆ ಹೋಗಬೇಕಿದ್ದ ಒಂದು ಪುಟ್ಟ ಕಾರನ್ನು ತಂದಿದ್ದ. ಸೀಟು, ಗಾಲಿ, ಬ್ರೇಕು ಎಲ್ಲ ಯಾರಯಾರವೋ. ಹೊಸದಾಗಿ ಕೊಂಡದ್ದು ಎರಡೇ: ಬೆಲ್ಟು ಮತ್ತು ಪಂಜರದ ಪೈಪು. ಕಾರು ಉರುಳಿದರೆ ಚಾಲಕನ ತಲೆ ಉಳಿಯಲೆಂದು ಒಳಗೆ ಕಟ್ಟುವ ಉಕ್ಕಿನ ಚೌಕಟ್ಟೇ ಪಂಜರ. ಅದನ್ನು ಬೆಸೆದವನು ತಮ್ಮನ ಜೊತೆ ಶಾಲೆ ಕಲಿತವನು, ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಅಂಗಡಿಯವನು.

ಮಗುಚಿದ ಕಾರನ್ನು ಶೆಡ್ಡಿಗೆ ತಂದಾಗ ಓಟಕ್ಕೆ ಎರಡು ವಾರ ಉಳಿದಿತ್ತು. ಓಡಿಸಿಯೇ ತೀರುತ್ತೇನೆ ಎಂದ ತಮ್ಮ. ಅದೇ ಪಂಜರದೊಳಗೆ.

ನನ್ನ ಅನುಮಾನ ಬೆಸುಗೆಯವನ ಮೇಲೆ ನಿಂತಿತು. ಕಬ್ಬಿನ ಹಂಗಾಮು, ಅವನ ಅಂಗಡಿಯ ಮುಂದೆ ಟ್ರೇಲರುಗಳ ಸಾಲು. ಬೆಸೆಯಲು ಬಂದ ದಿನ ನಮ್ಮಲ್ಲಿ ಚಹಾ ಕೂಡ ಅರ್ಧ ಬಿಟ್ಟು ಎದ್ದಿದ್ದ. ಮರುದಿನ ಜಮಖಂಡಿಯ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿದವಳು ಮನೆಗೆ ಹೋಗದೆ ಅವನ ಅಂಗಡಿಗೆ ಹೋದೆ.

“ಗೆಳೆಯಾನ ಕೆಲಸ ಅಂತ ಹಗರ ಹಿಡದೇನಪಾ?” ಎಂದೆ.

“ಅಕ್ಕಾರ, ನಾ ಬೆಸದ ಟ್ರೇಲರ್ ಮ್ಯಾಲ ಊರ ಕಬ್ಬೆಲ್ಲಾ ಹೊಂಟೈತ್ರಿ. ಒಂದರ ಬಿಚ್ಚಿದ್ದು ಕೇಳೀರೇನು?”

“ಇದು ಬಿಚ್ಚೇತಿ.”

ಅವನು ಕೈಗವಸು ಕಳಚಿ ಬೈಕು ಹತ್ತಿದ.

ಶೆಡ್ಡಿನಲ್ಲಿ ಅವನು ಮೊದಲು ಬಿಟ್ಟುಕೊಂಡ ಮೂಲೆಯನ್ನು ನೋಡಿದ. ಆಮೇಲೆ ಪೈಪು ಪೈಪು ಕೂಡುವ ಉಳಿದ ಜೋಡುಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದ. ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದ. ಬಣ್ಣದ ಕೆಳಗೆ ಸಂದು ಮುಚ್ಚುವ ಪುಟ್ಟಿ, ಪುಟ್ಟಿಯ ಕೆಳಗೆ ಕನ್ನಡಿಯಂತೆ ಹೊಳೆಯುವ ಉಕ್ಕು.

“ನನ್ನ ಬೆಸುಗಿ ಎಲ್ಲೈತ್ರಿ ಅಕ್ಕಾರ? ಬೆರಳಿನಷ್ಟ ದಪ್ಪ ಏರಿಸಿದ್ನಿ. ಯಾರೋ ಗ್ರೈಂಡರ್ ಹಿಡದು ಪೂರಾ ಕೆತ್ತ್ಯಾರ. ಈ ಬಣ್ಣಾನೂ ನಂದಲ್ಲ.”

ಬಣ್ಣ ಅವನದೇ ಎಂದು ನಾವು ತಿಳಿದಿದ್ದೆವು. ಹಿಂದಿನ ತಿಂಗಳು ಒಂದು ಶನಿವಾರ ಪಂಜರ ಕೆಂಪಾಗಿ ಮಿರುಗುತ್ತಿದ್ದಾಗ, “ಎಷ್ಟ ಛಂದ ಆಗೇತಿ ನೋಡು, ಜೋಡು ಎಲ್ಲೈತಿ ಅನ್ನೂದ ತಿಳಿಯಂಗಿಲ್ಲ” ಎಂದವಳು ನಾನೇ. ತಮ್ಮ ಹೂಂ ಎಂದಿದ್ದ. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಮಾತಾಡಿರಲಿಲ್ಲ.

ಅನುಮಾನ ಅಂಗಡಿ ಬಿಟ್ಟು ನಮ್ಮ ಹೊಸ್ತಿಲೊಳಗೆ ಬಂತು. ಹಗಲು ಮನೆಯಲ್ಲಿರುವವರು ಅಪ್ಪ, ಅವ್ವ ಇಬ್ಬರೇ. ಅವ್ವ ಶೆಡ್ಡಿಗೆ ಕಾಲಿಡುವವಳಲ್ಲ. ಮಗ್ಗ ಸರಿಸಿದ ದಿನ ಅಪ್ಪ ಊಟ ಬಿಟ್ಟಿದ್ದರು. ನನಗೆ ಇನ್ನೊಂದು ನೆನಪಾಯಿತು. ಅಪ್ಪನ ಧೋತರ ಒಗೆಯುವಾಗ ಅದರ ತುಂಬ ಅಂಚು ಕಪ್ಪಾದ ಸಣ್ಣ ತೂತುಗಳನ್ನು ಕಂಡು ಅವ್ವ ಕೂಗಿದ್ದಳು: “ಬೀಡಿ ಬಿಟ್ಟೀನಿ ಅಂದಿದ್ರಿ, ಮತ್ತ ಹಚ್ಚೀರೇನು?” ಅಪ್ಪ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವು ಬೀಡಿಯ ಕಿಡಿಯವಲ್ಲ, ಶೆಡ್ಡಿನಲ್ಲಿ ತಮ್ಮ ಇಟ್ಟಿದ್ದ ಗ್ರೈಂಡರಿನವು.

ಕರೆದೆ. ಬಂದರು. ಬಿಟ್ಟುಕೊಂಡ ಮೂಲೆಯನ್ನು ತೋರಿಸಿ ಕೇಳಿದೆ, “ಅಪ್ಪಾ, ಇದನ್ನ ಯಾರ ತಿಕ್ಕಿದ್ರು?”

“ನಾನ ತಿಕ್ಕೇನಿ.” ಧ್ವನಿಯಲ್ಲಿ ಅಳುಕಿರಲಿಲ್ಲ. ಬೆಸುಗೆಯವನ ಕಡೆ ತಿರುಗಿದರು. “ಎಂಥಾ ಕೆಲಸಲೇ ತಮ್ಮಾ ನಿಂದು? ಜೋಡಿಗೊಂದು ಗಡ್ಡಿ ಬಿಟ್ಟ ಹೋಗಿದ್ದಿ. ನಮ್ಮ ಮಗ್ಗದಾಗ ಎಳಿ ಹರದ್ರ ಹೆಂಗ ಕೂಡಸ್ತೀವಿ ಗೊತ್ತೈತೇನು? ಅರಿವಿ ಮ್ಯಾಲ ಕೈ ಆಡಿಸಿದ್ರ ಗಂಟು ಹತ್ತಬಾರ್ದು. ನಾಕ ಮಂದಿ ನೋಡೂ ವಸ್ತು, ನಮ್ಮ ಮನಿಯಿಂದ ಹೊರಬೀಳೂದು.”

ಬೆಸುಗೆಯವನು ಹೇಳಿದ. “ಕಾಕಾರ, ಆ ಗಡ್ಡ್ಯಾಗ ಇತ್ರಿ ಎಲ್ಲಾ ಗಟ್ಟಿ. ಪೈಪನ್ನ ಹಿಡಕೊಂಡಿದ್ದು ಅದ.”

ಅಪ್ಪ ಬಾಯಿಬಿಟ್ಟ ಮೂಲೆಯನ್ನು ನೋಡಿದರು. ಮಗ ಎಲ್ಲಿ ಕೂತಿದ್ದ ಎಂದು ಕೇಳಿದರು. ನಾನು ಸೀಟು ತೋರಿಸಿದೆ. ಅವರ ಕೈ ಅದರ ಮೇಲಿನ ಗಾಳಿಯಲ್ಲಿ, ತಲೆ ಇರುವ ಎತ್ತರದಲ್ಲಿ ನಿಂತಿತು.

ಬೆಸುಗೆಯವನಿಗೆ ನಾನು ತಪ್ಪಾಯಿತೆಂದೆ. “ಇರ್ಲಿ ಬಿಡ್ರಿ, ಈಗರ ಚಹಾ ಪೂರಾ ಕುಡಸ್ರಿ” ಎಂದ. ಆ ಪಂಜರವನ್ನು ಪೂರ್ತಿ ಕಿತ್ತುಹಾಕಿ ಹೊಸ ಪೈಪಿನಲ್ಲಿ ಮತ್ತೊಂದು ಕಟ್ಟಿದ. ಅದಕ್ಕೆ ಯಾರೂ ಬಣ್ಣ ಬಳಿಯಲಿಲ್ಲ.

ತಿಕ್ಕಿದರೆ ಜೋಡು ಬಿಡುತ್ತದೆಂದು ಅಪ್ಪನಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಅಷ್ಟೂ ಜೋಡುಗಳನ್ನು ತಿಕ್ಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದು, ನನ್ನ ಹೊಗಳಿಕೆಯನ್ನೂ ಕೇಳಿ, ನಾನೇ ಮಾಡಿದ್ದು ಎಂದು ಯಾಕೆ ಅನ್ನಲಿಲ್ಲ? ಕೇಳಿದ್ದಕ್ಕೆ, “ಗಂಟು ಯಾರ ಕಟ್ಟಿದ್ರಂತ ನೇಕಾರ ಹೇಳಕೋತ ತಿರಗತಾನೇನವಾ?” ಎಂದರು. ಆ ಉತ್ತರವನ್ನು ನಾನು ಒಪ್ಪಿದ್ದೇನೆ. ಪೂರ್ತಿ ಒಪ್ಪಿದ್ದೇನೆ ಎಂದು ಬರೆಯಲಾರೆ.

ಓಟದ ದಿನ ಮುಧೋಳದಲ್ಲಿ ತಮ್ಮ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಕಾರಿನೊಳಗೆ ಬಗ್ಗಿ ಉಬ್ಬಿದ ಬೆಸುಗೆಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದರು. ಅವರು ಸರಿದ ಮೇಲೆ ನಾನೂ ಬಗ್ಗಿ, ಅದೇ ಬೆಸುಗೆಗಳನ್ನು ಅದೇ ಕ್ರಮದಲ್ಲಿ ಮುಟ್ಟಿದೆ. ಅಪ್ಪ ನೋಡುತ್ತಿದ್ದರು.

“ಆ ಮ್ಯಾಲಿನ ಮೂಲಿ ಬಿಟ್ಟಿ,” ಎಂದರು. “ಅದನ್ನೂ ನೋಡವಾ.”

ನೋಡಿದೆ. ಆಮೇಲೆ ತಮ್ಮನಿಗೆ ಕಾರು ಹತ್ತು ಎಂದೆ.