ನಾಲ್ಕು ಮನೆಯ ಫ್ರಿಜ್ಜು

ನಮ್ಮದು ಪಾಂಡವಪುರದಲ್ಲಿ ನಾಲ್ಕು ಮನೆಗಳ ವಠಾರ. ಫ್ರಿಜ್ಜು ಇರುವುದು ಕಮರುನ್ನೀಸಾ ಅವರೊಬ್ಬರ ಮನೆಯಲ್ಲಿ. ಕಬ್ಬಿನ ಲಾರಿ ಓಡಿಸುತ್ತಿದ್ದ ಗಂಡ ತಂದದ್ದು. ಗಂಡ ಹೋದರು, ಫ್ರಿಜ್ಜು ಗೊರಗೊರ ಅನ್ನುತ್ತಾ ಉಳಿಯಿತು. ಸೀರೆಗೆ ಕುಚ್ಚು ಕಟ್ಟಿ ಮಗ ಯಾಸಿನ್‌ನನ್ನು ಸಾಕಿದ ಈ ಹೆಂಗಸಿಗೆ ಒಂದೇ ಒಂದು ಹಮ್ಮು: ತಾನು ಯಾವುದನ್ನೂ ಪೋಲು ಮಾಡುವುದಿಲ್ಲ ಎಂಬುದು. ಅಕ್ಕಿ ತೊಳೆದ ನೀರೂ ಕರಿಬೇವಿನ ಗಿಡಕ್ಕೇ. ಸುಮ್ಮನೆ ಉರಿಯುವ ಲೈಟು ಕಂಡರೆ, ಅದು ನಮ್ಮ ಮನೆಯದಾದರೂ ಸರಿ, ಒಳಗೆ ಬಂದು ಆರಿಸಿ, ಬೈದೇ ಹೋಗುತ್ತಾರೆ.

ಇಂಥವರನ್ನು ಕಟಕಟೆಗೆ ನಿಲ್ಲಿಸಿದವಳು ನನ್ನ ಮಗಳು ಧನುಶ್ರೀ. ಕರೆಂಟು, ಗ್ಯಾಸು, ಪೆಟ್ರೋಲು ಎಲ್ಲವೂ ಕೊನೆಗೆ ಹೊಗೆಯೇ, ಒಂದೊಂದು ಮನೆಯ ಹೊಗೆಯನ್ನೂ ಕೂಡಿ ಅಲ್ಲಿರುವ ತಲೆಗಳಿಂದ ಭಾಗಿಸಿಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಭಾಗಿಸಿದಳು. ನಮ್ಮದೇ ಎಲ್ಲಕ್ಕಿಂತ ಕಡಿಮೆ ಬಂತು. ನಲ್ಲಿಯ ಹತ್ತಿರ ನಾನು ಒಂದಿಷ್ಟು ಜಂಬವನ್ನೂ ಕೊಚ್ಚಿಕೊಂಡೆ. ಇರುವುದು ಇಬ್ಬರೇ, ಮೇಲೆ ಆ ಹಳೇ ಫ್ರಿಜ್ಜು ಬೇರೆ; ಕಮರುನ್ನೀಸಾ ಅವರ ಮನೆಯದೇ ಎಲ್ಲಕ್ಕಿಂತ ಜಾಸ್ತಿ.

ಯಾಸಿನ್‌ಗೆ ಬೇಕಾದದ್ದೂ ಅದೇ. “ನೋಡಿದ್ಯಾ ಅಮ್ಮೀ? ಈ ಡಬ್ಬಾನ ಗುಜ್ರಿಗೆ ಹಾಕ್ಬುಡಾನ. ನಮ್ಮಿಬ್ರಿಗೆ ಒಂದು ಪುಟ್ಟದು ಸಾಕು.”

ಪುಟ್ಟದು ಬಂದರೆ ವಠಾರದವರ ಸಾಮಾನಿಗೆ ಜಾಗವಿಲ್ಲ. ಹಳೆಯದನ್ನೇ ಇಟ್ಟುಕೊಂಡರೆ ಪೋಲು ಮಾಡುವವಳೆಂಬ ಹೆಸರು. ಕಮರುನ್ನೀಸಾ ಅವರ ಮುಖ ಬಾಡಿತು. ಆಮೇಲೆ ಅವರು ಯಾರ ಮನೆಯ ಲೈಟನ್ನೂ ಆರಿಸಲು ಬರಲಿಲ್ಲ. ನಿಜ ಹೇಳುತ್ತೇನೆ, ಅವರ ಬೈಗುಳವಿಲ್ಲದೆ ನನಗೆ ಮನೆ ಬಿಕೋ ಅನ್ನಿಸಿತು.

ಒಂದು ಸಂಜೆ ದೋಸೆ ಹಿಟ್ಟು ತರಲು ಮಗಳೊಡನೆ ಅವರಲ್ಲಿಗೆ ಹೋದೆ. ಅವರು ಫ್ರಿಜ್ಜಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

“ಬಾ ಮಗಾ. ಇದ್ರೊಳ್ಗೆ ನಮ್ದು ಯಾವ್ದು, ತೋರ್ಸು.”

ಧನುಶ್ರೀ ಬಗ್ಗಿ ನೋಡಿದಳು. ಬಾಗಿಲಲ್ಲಿ ಪಕ್ಕದ ಮನೆಯ ಕಮ್ಮಾರ ಸೋಮಯ್ಯನವರ ಇನ್ಸುಲಿನ್. ತಳದಲ್ಲಿ ಕೊನೆಯ ಮನೆಯ ಚೆಲುವಮ್ಮ ನಾಳೆ ಮಾರುವ ಮಲ್ಲಿಗೆ ಮೊಗ್ಗು. ನಡುವೆ ನನ್ನ ಹಿಟ್ಟು, ನನ್ನ ಹಾಲು, ನನ್ನ ಗೊಜ್ಜು, ನೆಂಟರಿಗೆಂದು ಎತ್ತಿಟ್ಟ ನನ್ನ ಪಾಯಸ.

“ಈ ನಿಂಬೆಹಣ್ಣು ನಿಮ್ದಾ ದೊಡ್ಡಮ್ಮ?”

“ಅದೂ ಅರ್ಧ.”

ಯಾಸಿನ್ ಪಕ್ಕನೆ ನಕ್ಕ. ಮಗಳು ನಗಲಿಲ್ಲ. ಅಲ್ಲೇ ಕೂತು, ಫ್ರಿಜ್ಜು ಕುಡಿಯುವ ಕರೆಂಟನ್ನು ಯಾರ್ಯಾರ ಸಾಮಾನು ಎಷ್ಟೆಷ್ಟಿದೆಯೋ ಅಷ್ಟಷ್ಟು ಹಂಚಿ, ಹೊಸದಾಗಿ ಲೆಕ್ಕ ಹಾಕಿದಳು. ಕಮರುನ್ನೀಸಾ ಅವರದು ಸರ್ರನೆ ಕೆಳಗಿಳಿಯಿತು.

“ಅಮ್ಮ, ಈಗ ನಮ್ದೇ ಜಾಸ್ತಿ,” ಎಂದಳು.

ಹೆತ್ತ ಮಗಳು! ಹಿಟ್ಟಿನ ಪಾತ್ರೆ ಹಿಡಿದು ನಿಲ್ಲಲೂ ನನಗೆ ನಾಚಿಕೆಯಾಯಿತು.

“ಹಂಚ್ಕೊಂಡ್ರೂ ಕರೆಂಟು ಕುಡಿಯೋದು ಕುಡೀತಲೇ ಅದೆ,” ಯಾಸಿನ್ ಪಟ್ಟು ಬಿಡಲಿಲ್ಲ. ಅವನ ಮಾತೂ ಸುಳ್ಳಲ್ಲ.

“ಅಂಗಾದ್ರೆ ಕಮ್ಮಿ ಕುಡಿಯೋ ದೊಡ್ಡದನ್ನೇ ನಾಲ್ಕು ಮನೇರೂ ಸೇರಿ ತರಾನ ಕಣಪ್ಪ,” ಎಂದುಬಿಟ್ಟೆ.

ಕಮರುನ್ನೀಸಾ ಮಗನ ಮುಖ ನೋಡಿದರು. ಅವನು ಆಗಲಿ ಎಂದು ತಲೆಯಾಡಿಸಿದ. ಅವರು ಫ್ರಿಜ್ಜಿನ ಬಾಗಿಲು ಮುಚ್ಚಿ, ಕಿಟಕಿಯಾಚೆ ಕಣ್ಣು ಹಾಯಿಸಿ, ನನ್ನ ಕಡೆ ತಿರುಗಿದರು.

“ತರಾನಂತೆ. ಮೊದ್ಲು ಓಗಿ ನಿನ್ ಮನೆ ಲೈಟು ಆರ್ಸು, ಪ್ರಮೀಳಾ. ಅಲ್ಲಿ ಯಾರವ್ರೆ ಅಂತ ಉರೀತಾ ಅದೆ?”