ಫ್ಲೆಕ್ಸಿನ ಕೆಳಸಾಲು

ಮೊದಲಿಗೆ ಒಂದು ವಿನಂತಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಬರೆಯಲು ಕುಳಿತಾಗಲೆಲ್ಲ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು ಬೆನ್ನ ಹಿಂದೆ ನಿಂತು ಇಣುಕುತ್ತಿದ್ದಾರೆ ಎಂಬ ಅಳುಕು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಹೇಳಬೇಕಾದದ್ದು ಹಿಂದುಮುಂದಾದರೆ, ಮಾತು ಅಗತ್ಯಕ್ಕಿಂತ ಹೆಚ್ಚು ಬಿಗಿದುಕೊಂಡರೆ, ಓದುಗರು ದಯವಿಟ್ಟು ಸಹಿಸಿಕೊಳ್ಳಬೇಕು. ಹೊಟ್ಟೆಕಿಚ್ಚನ್ನು ಶುದ್ಧ ಭಾಷೆಯಲ್ಲಿ ಬರೆಯುವುದು ಅಷ್ಟು ಸುಲಭವಲ್ಲ.

ಇಂದು ಬೆಳಿಗ್ಗೆ, ವಾರದಿಂದ ಒಣಗುತ್ತಿರುವ ಮೆಣಸಿನಕಾಯಿಯನ್ನು ಮತ್ತೆ ಹರಡಲು ತಾರಸಿಗೆ ಹೋಗಿದ್ದೆ. ನಮ್ಮ ಬೀದಿಯಲ್ಲಿ ಈಗ ಚಾಪೆಯ ಮೇಲೆ ಯಾರೂ ಏನನ್ನೂ ಒಣಗಿಸುವುದಿಲ್ಲ. ಎಲ್ಲರ ತಾರಸಿಯಲ್ಲೂ ಹಳೆಯ ಫ್ಲೆಕ್ಸ್ ಇದ್ದೇ ಇರುತ್ತದೆ. ಮುದ್ರಿಸಿದ ಮಗ್ಗುಲು ಕೆಳಗೆ, ಬಿಳಿಯ ಮಗ್ಗುಲು ಮೇಲೆ. ಬಿಸಿಲೇರಿದಂತೆ ಅದರಿಂದ ಹೊಸ ಚಪ್ಪಲಿ ಅಂಗಡಿಯ ವಾಸನೆ ಏಳುತ್ತದೆ. ಆ ವಾಸನೆಗೂ ಮೆಣಸಿನ ಘಾಟಿಗೂ ನಾನು ಸೀನುತ್ತಿರುವಾಗಲೇ ಗಾಳಿ ಬೀಸಿ ಫ್ಲೆಕ್ಸಿನ ಒಂದು ಮೂಲೆ ಮಗುಚಿತು. ನನ್ನ ವಾರಗಿತ್ತಿ ರತ್ನಕ್ಕ ಕೈ ಮುಗಿದು ನಗುತ್ತಿದ್ದಳು. ಅವಳು ಉಟ್ಟಿದ್ದ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ನನ್ನದು. ಕೆಳಸಾಲಿನಲ್ಲಿ, ಬೆಲ್ಲದಚ್ಚಿನಷ್ಟು ಚಿಕ್ಕ ವೃತ್ತದೊಳಗೆ, ‘ಬಿ.ಎ.’ ಎಂಬ ಎರಡಕ್ಷರದೊಂದಿಗೆ, ನಾನೂ ಇದ್ದೆ.

ಫ್ಲೆಕ್ಸನ್ನು ಹಗುರವಾಗಿ ಕಾಣಬಾರದು. ಕೆಸರೆಯ ನಮ್ಮ ಬೀದಿಗೆ ರಾಜ್ಯದ ರಾಜಕೀಯ ತಲುಪುವುದೇ ಅದರ ಮೂಲಕ. ಬೆಂಗಳೂರಿನಲ್ಲಿ ಯಾರು ಮಂತ್ರಿಯಾದರು, ಯಾರು ಯಾರೊಡನೆ ಮುನಿಸಿಕೊಂಡರು ಎಂಬುದನ್ನು ನಾವು ದೂರದರ್ಶನಕ್ಕಿಂತ ಮೊದಲು ಹಾಲಿನ ಬೂತಿನ ಎದುರಿನ ಕಂಬದಲ್ಲಿ ಓದುತ್ತೇವೆ. ಅಧಿಕಾರ ಬಂದವರ ಮುಖ ಹಿಗ್ಗುತ್ತದೆ. ಪಕ್ಷ ಬಿಟ್ಟವರ ಮುಖ ಗೌರಿ ಹಬ್ಬಕ್ಕೆ ಇದ್ದದ್ದು ದಸರೆಗೆ ಇರುವುದಿಲ್ಲ. ಮೇಲ್ಸಾಲಿನಲ್ಲಿ ರಾಜ್ಯ, ನಡುವೆ ಜಿಲ್ಲೆ, ಕೆಳಸಾಲಿನ ವೃತ್ತಗಳಲ್ಲಿ ‘ಶುಭ ಕೋರುವವರು’. ನಾನು ರಾಜ್ಯಶಾಸ್ತ್ರದಲ್ಲಿ ಓದಿದ ಪುಟಗಟ್ಟಲೆ ಪಾಠವನ್ನು ಒಂದು ಫ್ಲೆಕ್ಸ್ ಗಾಳಿಗೆ ಅಲುಗುತ್ತ ಹೇಳಿಬಿಡುತ್ತದೆ.

ನನ್ನ ತಂದೆ ಗಾರೆ ಕೆಲಸದವರು. ಕಾಲೇಜಿನ ಕಾಂಪೌಂಡ್ ಗೋಡೆ ಕಟ್ಟಿದವರು ಮಗಳನ್ನು ಅದರೊಳಗೆ ಕಳುಹಿಸಿದರು. ಆ ಪದವಿಯನ್ನು ಹೊತ್ತು ಕೆಸರೆಯ ಹಿಟ್ಟಿನ ಗಿರಣಿಯ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಅತ್ತೆಯವರು ಬಂದವರಿಗೆಲ್ಲ “ನಮ್ ಬಿ.ಎ. ಸೊಸೆ ಕಣ್ರವ್ವ” ಎಂದು ತೋರಿಸುತ್ತಿದ್ದರು. ಹಿರಿಯ ಸೊಸೆ ರತ್ನಕ್ಕ ಏಳನೆಯ ತರಗತಿ. ಗಿರಣಿಯಲ್ಲಿ ಕುಳಿತು, ಹುಬ್ಬಿಗೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡು, ಡಬ್ಬ ತಂದವರೊಡನೆ ಲೋಕದ ಮಾತನ್ನೆಲ್ಲ ಆಡುತ್ತಿದ್ದಳು. ಆಗ ಅವಳ ಮೇಲೆ ನನಗೆ ಅಸೂಯೆ ಇರಲಿಲ್ಲ. ಇರಲು ಕಾರಣವೇ ಇಲ್ಲವೆಂದು ನಂಬಿದ್ದೆ.

ಅವಳ ಗಂಡ, ನಮ್ಮ ಭಾವ ಶಿವಣ್ಣನವರಿಗೆ ಪಾಲಿಕೆಯ ಸದಸ್ಯರಾಗಬೇಕೆಂಬ ಹಂಬಲ. ಚುನಾವಣೆ ಬರುತ್ತದೆಂಬ ಗಾಳಿಮಾತಿಗೇ ಅವರು ಎರಡು ಹಬ್ಬಗಳಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಹೊರಬಿದ್ದು ನಮ್ಮ ವಾರ್ಡು ಮಹಿಳೆಯರ ಪಾಲಾಯಿತು. ಮಧ್ಯಾಹ್ನ ಮನೆಗೆ ಬಂದ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು. ರತ್ನಕ್ಕ ಮುದ್ದೆ ತೊಳಸುತ್ತಿದ್ದಳು, ನಾನು ಸೊಪ್ಪು ಬಿಡಿಸುತ್ತಿದ್ದೆ. ಅವರು ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಅಲ್ಲಿಯವರೆಗೆ ಆ ಮನೆಯ ಗಂಡಸರು ಅಡುಗೆಮನೆಯನ್ನು ಅಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಮನೇಲ್ ಇಬ್ರವ್ರೆ. ಯಾರ್ನ ನಿಲ್ಸಾದು ಅಂತ ಅಣ್ಣನೇ ಬಂದು ಯೋಳ್ತಾರಂತೆ,” ಎಂದರು. ಅಣ್ಣ ಎಂದರೆ ಪಕ್ಷದ ಮುಖಂಡರು.

ಓದುಗರೇ, ನನ್ನ ಖಚಿತತೆಯನ್ನು ನೀವು ಊಹಿಸಬಲ್ಲಿರಿ. ಪಾಲಿಕೆಗಳ ರಚನೆ, ಸ್ಥಾಯಿ ಸಮಿತಿಗಳ ಅಧಿಕಾರ, ಎಲ್ಲವನ್ನೂ ಮತ್ತೊಮ್ಮೆ ಓದಿಕೊಂಡೆ. ಒಂದು ವಾಕ್ಯವನ್ನು ಸಿದ್ಧಪಡಿಸಿ, ಬಟ್ಟೆ ಒಗೆಯುವಾಗ ನಾಲಿಗೆಗೆ ಕೂರಿಸಿಕೊಂಡೆ. ಗಂಡನಿಗೆ ಹೇಳಿದಾಗ ಅವರು “ನಿಂಗ್ಯಾಕೆ ಆ ರಗಳೆ, ಬುಡು” ಎಂದರು. ನನಗೆ ಆ ರಗಳೆ ಬೇಕಿತ್ತು. ಕಲಿತದ್ದು ಯಾವುದಾದರೂ ಒಂದು ಕೆಲಸಕ್ಕೆ ಬರಬೇಕಿತ್ತು. ಯಾರಾದರೂ ನನ್ನನ್ನು ಕೇಳಿಕೊಂಡು ಮನೆಯ ಬಾಗಿಲಿಗೆ ಬರಬೇಕಿತ್ತು. ಇದಕ್ಕಿಂತ ದೊಡ್ಡ ಆಸೆಯೇನೂ ನನ್ನಲ್ಲಿರಲಿಲ್ಲ.

ಮುಖಂಡರು ಊಟಕ್ಕೆ ಬಂದರು. ನಾಟಿಕೋಳಿ ಸಾರು, ಮುದ್ದೆ. ತುತ್ತಿನ ನಡುವೆ ತಲೆಯೆತ್ತಿ, “ಏನಮ್ಮ, ಜನದ್ ಮುಂದೆ ಮಾತಾಡ್ತೀಯಾ?” ಎಂದು ಮೊದಲು ನನ್ನನ್ನೇ ಕೇಳಿದರು.

“ಅಧಿಕಾರ ವಿಕೇಂದ್ರೀಕರಣದ ಮೂಲ ಆಶಯವು ವಾರ್ಡಿನ ಮಟ್ಟದಲ್ಲಿ ಸಾಕಾರಗೊಳ್ಳಬೇಕಾದರೆ ನಾಗರಿಕರ ಸಹಭಾಗಿತ್ವ ಅತ್ಯಗತ್ಯ,” ಎಂದೆ. ಒಂದಕ್ಷರವೂ ತಪ್ಪಲಿಲ್ಲ.

ಅವರು ಮೂಳೆಯನ್ನು ಎಲೆಯ ಅಂಚಿಗಿಟ್ಟರು. “ಚೆನ್ನಾಗ್ ಓದ್ಕಂಡಿದ್ದೀಯ ಕಣಮ್ಮ. ಇನ್ನೊಂಚೂರು ಸಾರು ಬಿಡು.”

ಆಮೇಲೆ ರತ್ನಕ್ಕನ ಕಡೆ ತಿರುಗಿದರು. “ನೀನೇನಮ್ಮ?”

“ನಂಗ್ಯಾಕಣ್ಣ ಎಲೆಕ್ಸನ್ನು? ನಲ್ಲೀಲಿ ನೀರ್ ಬರೋ ಹೊತ್ತಾಯ್ತು. ನೀವ್ ಬಿರ್ರನೆ ಉಂಡು ಎದ್ಬುಟ್ರೆ ನಾನ್ ನಾಕ್ ಬಿಂದ್ಗೆನಾದ್ರೂ ಇಡ್ಕತೀನಿ.”

ಮುಖಂಡರು ನೆತ್ತಿಗೆ ಹತ್ತುವಷ್ಟು ನಕ್ಕರು. ನೀರು ಕುಡಿದು ಸುಧಾರಿಸಿಕೊಂಡು, “ಶಿವಣ್ಣ, ಇದು ಕಣೋ ಕ್ಯಾಂಡಿಡೇಟು!” ಎಂದರು. ಸಾರಿನ ಸೌಟು ನನ್ನ ಕೈಯಲ್ಲೇ ಇತ್ತು.

ಫೋಟೋ ತೆಗೆಸುವ ದಿನ ರತ್ನಕ್ಕ ಸಂಕೋಚದಿಂದಲೇ ಕೇಳಿದಳು. “ನಿನ್ ಮದ್ವೆ ಸೀರೆ ಒಂದಿನಕ್ಕೆ ಕೊಡೇ. ನಂದ್ ಯಾವ್ದೂ ಫೋಟೋಗ್ ಕಾಣಲ್ವಂತೆ.” ಕೊಟ್ಟೆ, ನೆರಿಗೆಯನ್ನೂ ಹಿಡಿದುಕೊಟ್ಟೆ. ಫ್ಲೆಕ್ಸಿನ ಅಂಗಡಿಗೆ ಮಾತ್ರ ನಾನೇ ಕರೆ ಮಾಡಿ, ಕೆಳಸಾಲಿನಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಎ.’ ಸೇರಿಸುವಂತೆ ಸ್ಪಷ್ಟವಾಗಿ ತಿಳಿಸಿದೆ.

ಆ ಚುನಾವಣೆ ನಡೆಯಲಿಲ್ಲ. ಪಟ್ಟಿಯ ಮೇಲೆ ತಕರಾರು ಎದ್ದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಮುಂದೆ, ಇನ್ನೂ ಮುಂದೆ ಎನ್ನುತ್ತ ದಿನಗಳು ಸರಿದವು. ಸತ್ಯ ಹೇಳುತ್ತೇನೆ, ಸುದ್ದಿ ಕೇಳಿದ ದಿನ ನಾನು ಒಂದು ಲೋಟ ಕಾಫಿಯನ್ನು ನಿಧಾನವಾಗಿ, ಪೂರ್ತಿ ಸುಖದಿಂದ ಕುಡಿದೆ.

ಆದರೆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಚುನಾವಣೆ ನಿಂತರೂ ಫ್ಲೆಕ್ಸ್ ಕಂಬದಲ್ಲೇ ಇತ್ತು. ಅದನ್ನು ದಿನವೂ ನೋಡಿದ ಬೀದಿಯವರು ರತ್ನಕ್ಕ ಗೆದ್ದೇ ಬಿಟ್ಟಿದ್ದಾಳೆಂಬಂತೆ ನಡೆದುಕೊಳ್ಳತೊಡಗಿದರು. ಯಾರೂ ಮತ ಹಾಕದೆ ಅವಳು ‘ಮೆಂಬರಕ್ಕ’ ಆದಳು. ಚರಂಡಿ ಕಟ್ಟಿದರೆ ಬಂದರು, ಬೀದಿದೀಪ ಕೆಟ್ಟರೆ ಬಂದರು, ಅಳಿಯ ಕುಡಿದು ಬಂದರೂ ಬಂದರು. ಅವಳಿಗೆ ಏನೂ ತಿಳಿಯದು ಎಂಬುದು ನನಗೆ ತಿಳಿದಿತ್ತು. ಒಮ್ಮೆ ನೀರಿನ ದೂರನ್ನು ಹೊತ್ತು ವಿದ್ಯುತ್ ಕಚೇರಿಗೆ ಹೋಗಿದ್ದಳು. “ಅಲ್ಲಿನ್ ಸಾಹೇಬ್ರಿಗೆ ನಗು ಬಂದ್ಬುಡ್ತು ಕಣೆ. ನಗ್ತಾ ನಗ್ತಾ ಅವ್ರೇ ನೀರಿನವ್ರಿಗೆ ಫೋನ್ ಮಾಡಿಕೊಟ್ರು,” ಎಂದು ಹೊಟ್ಟೆ ಹಿಡಿದುಕೊಂಡು ಹೇಳಿದಳು. ಎರಡೇ ದಿನದಲ್ಲಿ ನೀರು ಬಂತು. ಸರಿಯಾದ ಕಚೇರಿ ಯಾವುದೆಂದು ಬಲ್ಲ ನಾನು ಅದೇ ನೀರಿನಲ್ಲಿ ಪಾತ್ರೆ ತೊಳೆದೆ.

ಅವಳು ಹೊರಗೆ ಹೋದಷ್ಟೂ ಅಡುಗೆಮನೆ ನನ್ನ ಮೇಲೆ ಬಿತ್ತು. ಒಂದು ದಿನ ಹಿಂದಿನ ಬೀದಿಯ ಮಂಗಳಮ್ಮ ಬಂದು ವಿಧವಾ ವೇತನದ ವಿಚಾರ ಕೇಳಿದರು. ರತ್ನಕ್ಕ ಮನೆಯಲ್ಲಿರಲಿಲ್ಲ. ನಾನು ಕೈ ಒರೆಸಿಕೊಂಡು ಬಂದು, ಅರ್ಹತೆ, ದಾಖಲೆ, ಕಚೇರಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ತಲೆದೂಗುತ್ತ ಕೇಳಿ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು, “ಆಯ್ತು ಕಣವ್ವ, ಅಕ್ಕ ಬಂದ್ಮೇಲೆ ಬತ್ತೀನಿ ಬುಡು,” ಎಂದು ಹೊರಟರು. ಅಂದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದು ಎಲ್ಲರೂ ಹೇಳಿದರು.

ಇತ್ತೀಚೆಗೆ ಮತ್ತೊಂದು ಪಟ್ಟಿಯ ಮಾತು ಎದ್ದಿತು. ಈ ಬಾರಿ ನಮ್ಮ ವಾರ್ಡು ಸಾಮಾನ್ಯವಾಗುತ್ತದೆ, ಯಾರು ಬೇಕಾದರೂ ನಿಲ್ಲಬಹುದು ಎಂದರು. ಭಾವ ಅಂದೇ ಕ್ಷೌರ ಮಾಡಿಸಿ, ಬಿಳಿ ಅಂಗಿ ತೊಟ್ಟು ಫೋಟೋ ತೆಗೆಸಿದರು. ಹೊಸ ಫ್ಲೆಕ್ಸನ್ನು ಗಿರಣಿಯ ಮುಂದೆ ಕಟ್ಟಿಸುತ್ತಿದ್ದಾಗ ಹಿಟ್ಟಿಗೆ ಬಂದಿದ್ದ ಹೆಂಗಸರು ಡಬ್ಬ ಹಿಡಿದು ನಿಂತರು.

“ಇದ್ಯಾಕ್ರಣ್ಣ ನೀವು? ಅಕ್ಕ ನಿಂತ್ಕಳಾಕಿಲ್ವಾ?”

“ಈಗ ಗಂಡಸ್ರೂ ನಿಲ್ಬೋದು ಕಣ್ರಮ್ಮ,” ಎಂದರು ಭಾವ.

“ನಿಲ್ಬೋದು ಅಂದ್ಬುಟ್ಟು ನಿಂತ್ಕಬುಡಾದಾ?” ಎಂದವರು ಮಂಗಳಮ್ಮ. ಬೀದಿಯೇ ನಕ್ಕಿತು. ಸಂಜೆಯೊಳಗೆ ಮುಖಂಡರಿಂದ ಕರೆ ಬಂತು. ನಿಲ್ಲುವುದು ರತ್ನಕ್ಕನೇ.

ಮರುದಿನ ಮಧ್ಯಾಹ್ನ ಭಾವ ಒಬ್ಬರೇ ಊಟಕ್ಕೆ ಕುಳಿತಿದ್ದರು. ಅವರ ಮುಖವನ್ನು ನೋಡಿ ನಾನು ಬೆಚ್ಚಿದೆ. ತುಟಿ ಬಿಗಿದಿತ್ತು, ಕಣ್ಣು ಎಲ್ಲೋ ಇತ್ತು, ಮೂಗಿನ ಹೊಳ್ಳೆ ಸಣ್ಣಗೆ ಅದುರುತ್ತಿತ್ತು. ಪಾತ್ರೆ ತೊಳೆಯುವಾಗ ಕಿಟಕಿಯ ಗಾಜಿನಲ್ಲಿ ನಾನು ದಿನವೂ ಕಾಣುತ್ತಿದ್ದ ಮುಖ ಅದು.

“ನೀನ್ ಓದ್ದೋಳು, ನೀನಾದ್ರೂ ಯೋಳವ್ವ,” ಎಂದರು. “ನಂಗೇನ್ ಕಮ್ಮಿಯಾಗಿತ್ತು?”

ಮದುವೆಯಾಗಿ ಬಂದಂದಿನಿಂದ ರಾಜಕೀಯದ ಬಗ್ಗೆ ಆ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದ್ದು ಅದೇ ಮೊದಲು. ಹೇಳಲು ನನ್ನ ಬಳಿ ಒಳ್ಳೆಯ ವಾಕ್ಯಗಳಿದ್ದವು. ಬಾಯಿಗೆ ಬಂದದ್ದು ಮನೆಮಾತು.

“ಏನೂ ಕಮ್ಮಿ ಇರ್ನಿಲ್ಲ ಭಾವ,” ಎಂದೆ. “ನಂಗೂ ಇರ್ನಿಲ್ಲ.”

ಅವರು ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದರು. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದರು. ಸಾರು ಬಡಿಸಿದೆ.

ಇದನ್ನೆಲ್ಲ ನೆನೆಯುತ್ತ ತಾರಸಿಯ ಮೇಲೆ ನಿಂತಿದ್ದಾಗ ಮೆಣಸಿನಕಾಯಿ ಆಗಲೇ ಗಲಗುಟ್ಟುತ್ತಿತ್ತು. ಮಗುಚಿದ ಮೂಲೆಯನ್ನು ಸರಿಪಡಿಸಿ, ಅಡಿಯಲ್ಲಿ ರತ್ನಕ್ಕನ ಮುಖವಿದ್ದ ಜಾಗದ ಮೇಲೆ ಎಂದಿನಂತೆ ಇಟ್ಟಿಗೆ ಇಡಲು ಹೋದೆ. ಅದೇಕೋ ಇಟ್ಟಿಗೆಯನ್ನು ಒಂದಿಷ್ಟು ಪಕ್ಕಕ್ಕೆ, ನನ್ನ ಸೀರೆಯ ಸೆರಗಿನ ಮೇಲಿಟ್ಟು ಕೆಳಗಿಳಿದೆ.

ಮುಖಂಡರ ಆ ಕರೆಯ ಬಳಿಕ ನಮ್ಮ ಕುಟುಂಬದಲ್ಲಿ ಬದಲಾದದ್ದು ಇಷ್ಟು. ಚುನಾವಣೆ ಇನ್ನೂ ಬಂದಿಲ್ಲ. ರತ್ನಕ್ಕ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೇ ಬರುವುದು. ಗಿರಣಿಯಲ್ಲಿ ಭಾವ ಕೂರುತ್ತಾರೆ, ಅವರ ಹುಬ್ಬಿಗೂ ಈಗ ಹಿಟ್ಟು ಮೆತ್ತಿರುತ್ತದೆ. ಅಡುಗೆಮನೆ ನನ್ನದಾಗಿದೆ. ಸೀರೆ ಹಿಂದಿರುಗಿಲ್ಲ, ನಾನೂ ಕೇಳಿಲ್ಲ. ಗಿರಣಿಯ ಮುಂದೆ ಭಾವನ ಫ್ಲೆಕ್ಸ್ ಇಳಿದು ರತ್ನಕ್ಕನ ಹೊಸ ಫ್ಲೆಕ್ಸ್ ಬಂದಿದೆ. ಅದರ ಕೆಳಸಾಲಿನಲ್ಲಿ ಭಾವನ ಚಿತ್ರವೂ ನನ್ನ ಚಿತ್ರವೂ ಅಕ್ಕಪಕ್ಕದಲ್ಲಿವೆ. ಅವರದು ನನ್ನದಕ್ಕಿಂತ ಸ್ವಲ್ಪ ದೊಡ್ಡದಾಗಿದೆ.