ಗುಡ್ಡದ್ದೇ ತಪ್ಪು
ನಾಲತವಾಡದ ಯಲ್ಲಾಲಿಂಗ ಮಾಸ್ತರರು ಸುತ್ತಲಿನ ಗುಡ್ಡಗಳ ಚಾರಣಕ್ಕೆ ಕೈಪಿಡಿ ಬರೆದ ಏಕೈಕ ಶೂರರು. ಗುಡ್ಡಕ್ಕೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ತಪ್ಪು ಗುಡ್ಡದ್ದೇ. "ಎಡಕ್ಕ ಹೊಳ್ಳ್ರಿ ಅಂತ ಬರದೀರಿ, ಅಲ್ಲಿ ಬರೇ ಜಾಲಿಕಂಟಿ ಅದಾವಲ್ರಿ ಮಾಸ್ತರ!" ಎಂದು ಪುಸ್ತಕ ನಂಬಿ ಹೋಗಿ ಮೈಯೆಲ್ಲ ಗೀರಿಸಿಕೊಂಡ ಊರ ಹುಡುಗ ಕಾಂತು ಕೂಗಾಡಿದರೆ, "ದಾರಿ ಐತೋ ತಮ್ಮಾ, ನಿನಗ ಓದಾಕ ಬರಂಗಿಲ್ಲ" ಎಂದು ಗದರಿಸಿ, ಮರುದಿನ ತಾವೇ ಕೊಡಲಿ ಹಿಡಿದು ಹೋಗಿ ಅಲ್ಲೊಂದು ದಾರಿ ಕಡಿದು ಬರುತ್ತಾರೆ. ಕೈಪಿಡಿಯ ಕೊನೆಯ ಪುಟದಲ್ಲಿ, ಗುಡ್ಡದ ತುದಿಯಲ್ಲಿ ಕುರಿ ಕಾಯುವ ಶಂಕ್ರೆವ್ವ ದಣಿದವರಿಗೆ ಮಜ್ಜಿಗೆ ಕೊಡುತ್ತಾಳೆ ಎಂದಿದೆ. ಆ ಮುದುಕಿ ಹೋದ ವರ್ಷ ತೀರಿಕೊಂಡಳು. "ಇನ್ನರ ಆ ಸಾಲು ಹೊಡದ ಹಾಕ್ರಿ" ಎಂದಳು ಹೆಂಡತಿ ಸುವರ್ಣಾ. ಮಾಸ್ತರರು ಆ ಸಾಲನ್ನು ಹಾಗೇ ಬಿಟ್ಟರು. ಈಗ ಪ್ರತಿ ರವಿವಾರ ಮಂದಿ ಬರುವ ಮೊದಲೇ ಮಜ್ಜಿಗೆಯ ಕೊಡ ಹೊತ್ತು, ಏದುಸಿರು ಬಿಡುತ್ತ ಗುಡ್ಡ ಏರುತ್ತಾರೆ. ಮಜ್ಜಿಗೆ ಕುಡಿದವರು "ನೀವ್ಯಾರ್ರೀ?" ಎಂದು ಕೇಳಿದರೆ, "ನಾ ಶಂಕ್ರೆವ್ವನ ಕಡೆಯಾಂವ್ರಿ" ಎನ್ನುತ್ತಾರೆ.